ನಾಲ್ಕು ವರ್ಷಗಳ ದ್ರಾಕ್ಷಾರಸ

ಅರುವತ್ತು ವರ್ಷ ತುಂಬಿದ ಮೇಲೆ, ಮೂರು ದಶಕಗಳಿಗೂ ಮಿಕ್ಕಿ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಮಾಸ್ತರನೊಬ್ಬನು ದ್ರಾಕ್ಷಾಮದ್ಯದ ರುಚಿಯನ್ನು ಕುರಿತು ಲೇಖನ ಬರೆಯುತ್ತಾನೆಂದರೆ ವಾಚಕರಿಗೆ ಆಶ್ಚರ್ಯವಾಗುವುದು ಸಹಜವೇ. ಬರೆಯುತ್ತಿರುವ ನನಗೇ ಆಶ್ಚರ್ಯವಾಗುತ್ತಿರುವಾಗ ಓದುವವರನ್ನು ದೂರುವಂತಿಲ್ಲ. ಆದರೆ ಈ ಪ್ರಸಂಗವು ನಾಲಗೆಯ ಚಾಪಲ್ಯದಿಂದ ಹುಟ್ಟಿದುದಲ್ಲ. ಎರಡು ಎಕರೆ ಹೊಲದಿಂದ ಹುಟ್ಟಿದುದು. ಮನೆಯಲ್ಲಿ ಹಿರಿಯನೆನಿಸಿಕೊಂಡವನು ಒಂದು ಕಾಗದಕ್ಕೆ ಸಹಿ ಹಾಕುವ ಮೊದಲು ಏನೇನನ್ನು ನೋಡಬೇಕಾಯಿತು, ಏನೇನನ್ನು ಕಲಿಯಬೇಕಾಯಿತು ಎಂಬುದೇ ಇದರ ವಿಷಯ. ಸಂಸಾರಸ್ಥರಾದ ವಾಚಕರಿಗೆ ಇದರಿಂದ ಅಷ್ಟಿಷ್ಟು ಪ್ರಯೋಜನವಾದೀತೆಂದು ನಂಬಿ ಬರೆಯುತ್ತೇನೆ.

ನಮ್ಮ ಊರು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ದೋರನಹಳ್ಳಿ. ಭೀಮೆಗೂ ಕೃಷ್ಣೆಗೂ ನಡುವಣ ಸೀಮೆ. ಎರೆಯ ಹೊಲಗಳಲ್ಲಿ ಹತ್ತಿ, ತೊಗರಿ, ಜೋಳ. ನಾರಾಯಣಪುರದ ಕಾಲುವೆಯ ನೀರು ಹರಿದ ಕಡೆ ಭತ್ತ. ನಮ್ಮ ಮನೆತನಕ್ಕೆ ಹಿಂದೆ ಎಂಟು ಎಕರೆ ಭೂಮಿಯಿತ್ತು. ಈಗ ಉಳಿದಿರುವುದು ನಾಲ್ಕು: ಎರಡು ಎಕರೆ ಎರೆ, ಎರಡು ಎಕರೆ ಮಸಾರಿ. ಉಳಿದ ನಾಲ್ಕು ಎಕರೆ ಎಲ್ಲಿ ಹೋಯಿತೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನ ಅಣ್ಣನಿಗೆ ಸಾರಾಯಿಯ ಚಟವಿತ್ತು. ಬುದ್ಧಿವಂತ, ದುಡಿಮೆಗಾರ, ಎತ್ತುಗಳ ಮೇಲೆ ಮಕ್ಕಳಿಗಿಂತ ಹೆಚ್ಚು ಪ್ರೀತಿಯಿದ್ದವನು. ಆದರೂ ಸಂಜೆಯಾದರೆ ಅವನ ಕಾಲುಗಳು ತಾವಾಗಿಯೇ ಆ ಅಂಗಡಿಯ ಕಡೆಗೆ ನಡೆಯುತ್ತಿದ್ದುವು. ೨೦೦೫ರಲ್ಲಿ ಅವನು ತೀರಿಕೊಂಡನು. ಕರ್ನಾಟಕದಲ್ಲಿ ಸಾರಾಯಿ ಮಾರಾಟವು ೨೦೦೭ರ ಜುಲೈ ೧ರಿಂದ ನಿಷಿದ್ಧವಾಯಿತು. ನಮ್ಮ ಮನೆಯ ಪಾಲಿಗೆ ಆ ಕಾಯಿದೆ ಎರಡು ವರ್ಷ ತಡವಾಗಿ ಬಂದಿತು.

ಅಂದಿನಿಂದ ಅಣ್ಣನ ಹೆಂಡತಿಯೂ ಅವಳ ಒಬ್ಬನೇ ಮಗನೂ ನಮ್ಮೊಡನೆಯೇ ಇದ್ದಾರೆ. ನಮ್ಮ ಕಡೆ ಅಣ್ಣನ ಹೆಂಡತಿಯನ್ನು ವೈನಿ ಎಂದು ಕರೆಯುವ ರೂಢಿ. ಹುಡುಗನು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿ ಬಂದವನು. ನೌಕರಿಯ ಬೆನ್ನು ಹತ್ತದೆ ಹೊಲಕ್ಕೆ ಮರಳಿದವನು. ಕಳೆದ ಕಾರ್ತಿಕ ಮಾಸದ ಒಂದು ಸಂಜೆ ಅವನು ಒಂದು ಕಾಗದದ ಕಟ್ಟನ್ನು ಹಿಡಿದುಕೊಂಡು ನನ್ನ ಬಳಿ ಬಂದು ಕುಳಿತನು.

“ಕಾಕಾ, ಮಸಾರಿ ಹೊಲದಾಗ ದ್ರಾಕ್ಷಿ ಹಚ್ಚಬೇಕಂತ ಮಾಡೀನ್ರಿ.”

“ಹಚ್ಚಪಾ, ಒಳ್ಳೇದು. ವಿಜಯಪುರದವರು ಹಚ್ಚಿ ಮನುಷ್ಯಾರಾಗಿಲ್ಲೇನು?”

“ತಿನ್ನೂ ದ್ರಾಕ್ಷಿ ಅಲ್ರಿ. ವೈನಿನ ದ್ರಾಕ್ಷಿ.”

ನನ್ನ ಕಿವಿ ಈಚೆಗೆ ಸ್ವಲ್ಪ ಮಂದ. “ವೈನೀ ದ್ರಾಕ್ಷಿ ಅಂದ್ರ? ನಿಮ್ಮವ್ವ ಯಾವಾಗ ದ್ರಾಕ್ಷಿ ಹಚ್ಚಿದಳೋ?” ಎಂದೆನು. ಹುಡುಗನು ನಕ್ಕನು. ಅರ್ಥವಾದ ಮೇಲೆ ನಾನೂ ನಕ್ಕೆನು. ಆದರೆ ಒಳಗೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಗಿತ್ತು. ಬಹಳ ಹೊತ್ತಿನವರೆಗೆ ಅದು ಮತ್ತೆ ಕೇಳಿಸಲಿಲ್ಲ. ನಮ್ಮಿಬ್ಬರ ನಗೆಯೂ ಅಲ್ಲಿಗೇ ನಿಂತಿತು.

ಹೊಲವು ಒಟ್ಟು ಮನೆತನದ್ದಾದುದರಿಂದ ನನ್ನ ಸಹಿ ಬೇಕು, ವೈನಿಯ ಸಹಿಯೂ ಬೇಕು. ಒಂದು ದ್ರಾಕ್ಷಾರಸಶಾಲೆಯವರು ಸಸಿಯನ್ನು ಕೊಡಿಸಿ, ಬೆಳೆದ ಹಣ್ಣನ್ನು ತಾವೇ ಕೊಳ್ಳುವುದಾಗಿ ಕರಾರು ಬರೆದುಕೊಡಲು ಸಿದ್ಧರಾಗಿದ್ದರು. ನಾನು ಆಗಲಿ ಎಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. “ನೋಡದೆ ಹೇಳಲಾರೆ, ಹಣ್ಣಿನ ಕಾಲದಲ್ಲಿ ಹೋಗಿ ನೋಡಿ ಬರೋಣ” ಎಂದೆನು.

ಆ ಮಧ್ಯದ ಎರಡು ಮೂರು ತಿಂಗಳು ನಾನು ನನಗೆ ತಿಳಿದ ದಾರಿಯಲ್ಲಿ ವಿಚಾರ ಮಾಡಿದೆನು. ಎಂದರೆ ಹಳೆಯ ಪುಸ್ತಕಗಳ ಧೂಳು ಕೊಡಹಿದೆನು. ದ್ರಾಕ್ಷಾಮದ್ಯವು ಪರದೇಶದ ವಸ್ತು, ನಮ್ಮವರಿಗೆ ಅಪರಿಚಿತ ಎಂದು ನಾನೂ ಅನೇಕರಂತೆ ಭಾವಿಸಿದ್ದೆನು. ಅದು ಸಂಪೂರ್ಣವಾಗಿ ಸರಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದುಂಟು. ಅಲ್ಲಿ ದ್ರಾಕ್ಷಿಯ ರಸದಿಂದಾದ ಮದ್ಯಕ್ಕೆ ‘ಮಧು’ ಎಂದು ಹೆಸರು. ಅದು ಹುಟ್ಟಿದ ದೇಶವನ್ನನುಸರಿಸಿ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳು. ಕಾಪಿಶಿ ಎಂಬುದು ಈಗಿನ ಆಫ್ಘಾನಿಸ್ತಾನದಲ್ಲಿ ಕಾಬೂಲಿನ ಉತ್ತರಕ್ಕಿರುವ ಸೀಮೆ. ‘ಕಾಪಿಶಾಯನ’ ಶಬ್ದದ ಸಿದ್ಧಿಗಾಗಿಯೇ ಪಾಣಿನಿಯು ಒಂದು ಸೂತ್ರವನ್ನು ರಚಿಸಿರುವನು. ಆ ಸೂತ್ರವನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಆದರೆ ಅದರ ಹಿಂದೆ ಒಂದು ದ್ರಾಕ್ಷಿತೋಟವಿದೆಯೆಂದು ಒಮ್ಮೆಯಾದರೂ ಯೋಚಿಸಿರಲಿಲ್ಲ. ಇಂದು ಫ್ರಾನ್ಸ್ ದೇಶದವರು ಬೋರ್ಡೋ, ಬರ್ಗಂಡಿ ಎಂದು ಊರಸೀಮೆಯ ಹೆಸರಿನಿಂದ ದ್ರಾಕ್ಷಾರಸವನ್ನು ಕರೆಯುವುದನ್ನು ದೊಡ್ಡ ನಾಗರಿಕತೆಯೆನ್ನುವೆವು. ಆ ಪದ್ಧತಿ ನಮ್ಮ ವ್ಯಾಕರಣದಲ್ಲಿ ಎಂದೋ ಕುಳಿತಿದೆ. ಕಾಳಿದಾಸನ ರಘುವಂಶದಲ್ಲಿಯೂ ಪಾರಸೀಕರನ್ನು ಗೆದ್ದ ರಘುವಿನ ಸೈನಿಕರು ದ್ರಾಕ್ಷಿಬಳ್ಳಿಗಳ ನಡುವೆ ಕುಳಿತು ಮಧುಪಾನದಿಂದ ಆಯಾಸ ಕಳೆದರೆಂಬ ಪ್ರಸಂಗವಿದೆ.

ಆಯುರ್ವೇದದವರು ಈ ವಿಷಯವನ್ನು ಇನ್ನೂ ಹತ್ತಿರದಿಂದ ಬಲ್ಲರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ೮೪ ಬಗೆಯ ಆಸವಗಳ ಗಣನೆಯುಂಟು. ಹೊಸ ಮದ್ಯವು ಗುರು, ದೋಷಕಾರಿ. ಹಳೆಯದು ಅದಕ್ಕೆ ವಿಪರೀತವಾದುದು ಎಂಬುದು ವಾಗ್ಭಟನ ಅಭಿಪ್ರಾಯ. ಮದ್ಯದ ಹೆಸರೆತ್ತದ ಮನೆಗಳಲ್ಲಿಯೂ ಬಾಣಂತಿಗೆ, ಜ್ವರದಿಂದ ಎದ್ದವರಿಗೆ, ಊಟ ಸೇರದ ಮುದುಕರಿಗೆ ದ್ರಾಕ್ಷಾಸವವನ್ನೋ ದ್ರಾಕ್ಷಾರಿಷ್ಟವನ್ನೋ ಚಮಚದಿಂದ ಅಳೆದು ಕೊಡುವುದುಂಟಷ್ಟೆ? ಅದೂ ಧಾತಕೀಪುಷ್ಪಗಳ ಸಹಾಯದಿಂದ ಹುಳಿತು ಆದುದೇ. ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಉಂಟೆಂದು ಸೀಸೆಯ ಮೇಲೆಯೇ ಬರೆದಿರುತ್ತಾರೆ. ಆದರೆ ಚಮಚಕ್ಕೂ ಬಟ್ಟಲಿಗೂ ಇರುವ ಅಂತರವೇ ವಿವೇಕಕ್ಕೂ ಅವಿವೇಕಕ್ಕೂ ಇರುವ ಅಂತರ.

ಇನ್ನು ಈಗಿನ ಸಂಗತಿ. ಕರ್ನಾಟಕದಲ್ಲಿ ಹೊಸ ರೀತಿಯ ದ್ರಾಕ್ಷಾರಸೋದ್ಯಮಕ್ಕೆ ದಾರಿ ಹಾಕಿದವರು ನಂದಿಬೆಟ್ಟದ ಸೀಮೆಯಲ್ಲಿ, ದೊಡ್ಡಬಳ್ಳಾಪುರದ ಬಳಿ, ೧೯೮೮ರಲ್ಲಿ ಮೊದಲಿಟ್ಟ ಗ್ರೋವರ್ ಸಂಸ್ಥೆಯವರು. ತೀರ ಈಚೆಗೆ ಹಂಪಿಯ ಬೆಟ್ಟಗಳ ಬಳಿ ಕೃಸ್ಮಾ ಎಂಬ ತೋಟದವರೂ ಹೆಸರು ಪಡೆದಿದ್ದಾರೆ. ೨೦೦೭ರಲ್ಲಿ ರಾಜ್ಯ ಸರಕಾರವು ದ್ರಾಕ್ಷಿ ಸಂಸ್ಕರಣೆಗೂ ದ್ರಾಕ್ಷಾರಸಕ್ಕೂ ಪ್ರತ್ಯೇಕವಾದೊಂದು ನೀತಿಯನ್ನು ಹೊರಡಿಸಿತು. ವಾಚಕರು ಗಮನಿಸಬೇಕು: ಸಾರಾಯಿಯನ್ನು ನಿಲ್ಲಿಸಿದುದೂ ದ್ರಾಕ್ಷಾರಸಕ್ಕೆ ಉತ್ತೇಜನ ಕೊಟ್ಟುದೂ ಒಂದೇ ವರ್ಷದಲ್ಲಿ. ಒಂದು ಕೈಯಿಂದ ಬಾಗಿಲು ಮುಚ್ಚಿ ಇನ್ನೊಂದು ಕೈಯಿಂದ ಕಿಟಕಿ ತೆರೆದರೆಂದು ಕೆಲವರು. ಬಡವನ ವಿಷವನ್ನು ತೆಗೆದು ರೈತನಿಗೆ ಬೆಳೆ ಕೊಟ್ಟರೆಂದು ಕೆಲವರು. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ.

ಮಾಘ ಮಾಸದ ಕೊನೆಯಲ್ಲಿ ನಾನೂ ಹುಡುಗನೂ ಶಹಾಪುರ, ಕೆಂಭಾವಿ, ತಾಳಿಕೋಟೆಗಳ ಮಾರ್ಗವಾಗಿ ವಿಜಯಪುರ ಜಿಲ್ಲೆಗೆ ಹೊರಟೆವು. ನಾವು ನೋಡಿದ ರಸಶಾಲೆ ಚಿಕ್ಕದು. ಹೆಸರು ಬರೆದರೆ ಲೇಖನವು ಜಾಹೀರಾತಾದೀತೆಂದು ಬಿಟ್ಟಿದ್ದೇನೆ. ವಿಜಯಪುರ ಸೀಮೆಯಲ್ಲಿ ಕಣ್ಣು ಹಾಯುವಷ್ಟು ದೂರ ದ್ರಾಕ್ಷಿಯೇ. ಆದರೆ ಅದರಲ್ಲಿ ಬಹುಪಾಲು ತಿನ್ನುವ ಹಣ್ಣು, ಇಲ್ಲವೆ ಒಣಗಿಸಿ ಮಣೂಕ ಮಾಡುವ ಬೀಜವಿಲ್ಲದ ಜಾತಿ. ರಸದ ದ್ರಾಕ್ಷಿಯೇ ಬೇರೆ. ನಾನೊಂದು ಕಾಳನ್ನು ಬಾಯಿಗೆ ಹಾಕಿಕೊಂಡೆನು: ನೇರಳೆಗಿಂತಲೂ ಚಿಕ್ಕದು, ಕಪ್ಪು, ದಪ್ಪ ಸಿಪ್ಪೆ, ಒಳಗೆಲ್ಲ ಬೀಜ, ಸಕ್ಕರೆಯಂತಹ ಸಿಹಿ, ಅದರ ಹಿಂದೆಯೇ ನಾಲಗೆಯನ್ನು ಹಿಡಿಯುವ ಒಗರು. ಜಾತಿಯ ಹೆಸರು ಶಿರಾಜ್. ಪಾರಸೀಕ ದೇಶದ ಶಿರಾಜ್ ನಗರದಿಂದ ಬಂದುದೆಂದು ನಾನು ರಘುವಂಶದ ನೆನಪಿನಲ್ಲಿ ಹಿಗ್ಗಿದೆನು. ಹುಡುಗನು ತಿದ್ದಿದನು: ಹೆಸರು ಹಾಗಿದ್ದರೂ ಇದು ಫ್ರಾನ್ಸಿನ ಎರಡು ಹಳೆಯ ಜಾತಿಗಳ ಸಂಕರದಿಂದ ಹುಟ್ಟಿದುದೆಂದು ೧೯೯೦ರ ದಶಕದ ಕೊನೆಯಲ್ಲಿ ವಂಶಪರೀಕ್ಷೆಯಿಂದ ಸಿದ್ಧವಾಗಿದೆಯಂತೆ. ಹೆಸರನ್ನು ನಂಬಿ ಕುಲವನ್ನು ನಿರ್ಣಯಿಸಬಾರದೆಂಬ ಪಾಠವನ್ನು ನನ್ನ ಶಿಷ್ಯಪ್ರಾಯನಿಂದಲೇ ಕಲಿತೆನು.

ಬಳ್ಳಿಯ ಬೇರು ಮಾತ್ರ ಶಿರಾಜಿನದಲ್ಲ. ಅದು ಡಾಗ್ರಿಜ್ ಎಂಬ ಅಮೇರಿಕದ ಕಾಡುಜಾತಿ. ಬರವನ್ನೂ ಸವುಳನ್ನೂ ತಾಳುವ ಶಕ್ತಿ ಅದಕ್ಕುಂಟು. ಅದನ್ನು ಮೊದಲು ನೆಟ್ಟು, ಬೇರು ಹಿಡಿದ ಮೇಲೆ ಅದರ ಮೇಲೆ ಶಿರಾಜಿನ ಕಡ್ಡಿಯನ್ನು ಕಸಿ ಕಟ್ಟುತ್ತಾರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೇರು ತಿನ್ನುವ ಒಂದು ಕ್ಷುದ್ರ ಕೀಟವು ಫ್ರಾನ್ಸಿನ ತೋಟಗಳನ್ನೆಲ್ಲ ಹಾಳು ಮಾಡಿದಾಗ, ಇಂತಹ ಅಮೇರಿಕದ ಬೇರುಗಳೇ ಅವುಗಳನ್ನು ಉಳಿಸಿದುವು.

ಇನ್ನೊಂದು ವಿಶೇಷವನ್ನು ಹೇಳಬೇಕು. ಶೀತದೇಶಗಳಲ್ಲಿ ದ್ರಾಕ್ಷಿಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುವುದು. ವಸಂತದಲ್ಲಿ ಚಿಗುರಿ ಶರತ್ಕಾಲದಲ್ಲಿ ಹಣ್ಣು ಕೊಡುವುದು. ನಮ್ಮ ದಖ್ಖಣದಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನು ದೌಲತಾಬಾದಿನಲ್ಲಿ ದ್ರಾಕ್ಷಿಯು ವರ್ಷಕ್ಕೆರಡು ಸಲ ಫಲಿಸುವುದೆಂದು ಬರೆದಿಟ್ಟಿದ್ದಾನೆ. ಈಗಿನ ರೈತರು ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಬಳ್ಳಿಯನ್ನು ಸವರುತ್ತಾರೆ; ಅದಕ್ಕೆ ಚಾಟಣಿ ಎನ್ನುತ್ತಾರೆ. ಏಪ್ರಿಲಿನದು ಕಡ್ಡಿಗಾಗಿ, ಅಕ್ಟೋಬರಿನದು ಕಾಯಿಗಾಗಿ. ಫೆಬ್ರುವರಿ, ಮಾರ್ಚಿಗೆ ಸುಗ್ಗಿ. ಆದುದರಿಂದ ನಮ್ಮ ಕಡೆಯ ಸೀಸೆಯ ಮೇಲೆ ೨೦೨೧ ಎಂದು ಬರೆದಿದ್ದರೆ ಅದರೊಳಗಿರುವುದು ೨೦೨೦ರ ಹಿಂಗಾರಿನ ಮಳೆ, ಆ ವರ್ಷದ ಚಳಿ, ಮರುವರ್ಷದ ಎಳೆಬಿಸಿಲು. ಈ ಲೆಕ್ಕವು ಮುಂದೆ ಬೇಕಾಗುವುದು.

ರಸಶಾಲೆಯ ಮೇಲ್ವಿಚಾರಣೆ ಒಬ್ಬ ತರುಣಿಯದು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. “ಬರ್ರಿ ಸರ್” ಎಂದು ಕರೆದು, ಹಣ್ಣು ಬಂದಿಳಿಯುವ ಕಟ್ಟೆಯಿಂದ ಮೊದಲುಮಾಡಿ ಎಲ್ಲವನ್ನೂ ಸಾವಧಾನವಾಗಿ ತೋರಿಸಿದಳು. ಬಿಸಿಲೇರುವ ಮೊದಲೇ ಕೊಯ್ದ ಗೊಂಚಲುಗಳಿಂದ ತೊಟ್ಟುಗಳನ್ನು ಬೇರ್ಪಡಿಸಿ, ಕಾಳುಗಳನ್ನು ಒಡೆದು, ಸಿಪ್ಪೆ ಬೀಜಗಳ ಸಮೇತವಾಗಿ ಉಕ್ಕಿನ ದೊಡ್ಡ ಹಂಡೆಗಳಲ್ಲಿ ತುಂಬುತ್ತಾರೆ. ಕಪ್ಪು ದ್ರಾಕ್ಷಿಯ ರಸಕ್ಕೆ ಸ್ವಂತ ಬಣ್ಣವಿಲ್ಲ. ಕೆಂಪೆಲ್ಲ ಸಿಪ್ಪೆಯದು, ಒಗರು ಸಿಪ್ಪೆ ಬೀಜಗಳೆರಡರದು. ಕಣ್ಣಿಗೆ ಕಾಣದ ಹುದುಗುಜೀವಿಗಳು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅಂಗಾರವಾಯುವನ್ನೂ ಬಿಡುತ್ತವೆ. ಲೀಟರಿಗೆ ಸುಮಾರು ೧೭ ಗ್ರಾಂ ಸಕ್ಕರೆ ಕರಗಿದರೆ ನೂರಕ್ಕೆ ಒಂದು ಪಾಲು ಮದ್ಯಸಾರವಾಗುವುದು. ಹೀಗೆ ಕೊನೆಗೆ ನೂರಕ್ಕೆ ಹದಿಮೂರರ ಆಸುಪಾಸಿಗೆ ಬಂದು ನಿಲ್ಲುವುದು. ಆಮೇಲೆ ಹಿಂಡಿ, ಸೋಸಿ, ಓಕ್ ಮರದ ೨೨೫ ಲೀಟರಿನ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಟ್ಟು, ಬಳಿಕ ಸೀಸೆಗೆ ತುಂಬುತ್ತಾರೆ. ಬೂಚು ಒಣಗಬಾರದೆಂದು ಸೀಸೆಗಳನ್ನು ಮಲಗಿಸಿಯೇ ಇಡುತ್ತಾರೆ. ನೆಲಮಾಳಿಗೆಗೆ ಇಳಿದಾಗ ಮೈ ಜುಮ್ಮೆಂದಿತು. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದುದು ನೆನಪಾಯಿತು. ಕತ್ತಲೆ, ತಂಪು, ಗಾಳಿಯಿಲ್ಲದಿರುವುದು. ಕಾಪಾಡುವ ವಿದ್ಯೆ ಎಲ್ಲ ಕಡೆಗೂ ಒಂದೇ.

ಮೇಲಕ್ಕೆ ಬಂದ ಮೇಲೆ ಆಕೆ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಕಾಲುಳ್ಳ ಗಾಜಿನ ಬಟ್ಟಲುಗಳನ್ನು ಸಾಲಾಗಿ ಇಟ್ಟಳು. ಒಂದೇ ತೋಟದ ಒಂದೇ ಜಾತಿಯ ರಸ, ನಾಲ್ಕು ಬೇರೆ ಬೇರೆ ವರ್ಷಗಳದು. “ಸರ್, ನುಂಗಬೇಕಂತೇನಿಲ್ಲ. ಪರೀಕ್ಷೆ ಮಾಡೋರು ಬಾಯಾಗ ಆಡಿಸಿ ಉಗುಳ್ತಾರ್ರಿ. ನಾನೂ ಹಂಗೇ ಮಾಡ್ತೀನಿ” ಎಂದು ಪಕ್ಕದಲ್ಲಿ ಒಂದು ಪಾತ್ರೆಯನ್ನಿಟ್ಟಳು. ನನ್ನ ಮನಸ್ಸಿನ ತೂಗಾಟವನ್ನು ಅವಳು ಅರಿತಿರಬೇಕು. ನಾನು ಹುಡುಗನ ಮುಖ ನೋಡಿದೆನು. ಅವನು ನೆಲ ನೋಡುತ್ತಿದ್ದನು. ಒಂದು ವಸ್ತುವನ್ನು ಅರಿಯದೆ ನಿಂದಿಸುವುದೂ ಅರಿಯದೆ ಒಪ್ಪುವುದೂ ಎರಡೂ ಮಾಸ್ತರನಿಗೆ ತಕ್ಕುದಲ್ಲವೆಂದುಕೊಂಡು ಬಟ್ಟಲನ್ನು ಎತ್ತಿದೆನು.

ಮೊದಲು ನೋಡುವುದು, ಆಮೇಲೆ ಬಟ್ಟಲನ್ನು ಮೆಲ್ಲಗೆ ತಿರುಗಿಸಿ ಮೂಸುವುದು, ಕೊನೆಗೆ ನಾಲಗೆ, ಇದು ಕ್ರಮ. ಮೊದಲನೆಯದು ೨೦೨೪ರದು. ೨೦೨೩ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುದು ವಾಚಕರಿಗೆ ನೆನಪಿರಬಹುದು. ನೀರು ಕಡಿಮೆಯಾದರೆ ಕಾಳು ಸಣ್ಣದಾಗುವುದು; ರಸಕ್ಕಿಂತ ಸಿಪ್ಪೆಯ ಪಾಲು ಹೆಚ್ಚುವುದು. ಬಣ್ಣವು ನೇರಳೆಹಣ್ಣು ತಿಂದ ನಾಲಗೆಯಂತಿತ್ತು. ಸಿಹಿಯನ್ನು ನಿರೀಕ್ಷಿಸಿದ್ದ ನನಗೆ ಬೆಚ್ಚಿಬೀಳುವಂತಾಯಿತು. ಷಡ್ರಸಗಳಲ್ಲಿ ಮಧುರವೇ ಇಲ್ಲ! ಅದನ್ನು ಹುದುಗು ತಿಂದಾಗಿತ್ತು. ಉಳಿದುದು ಆಮ್ಲ, ತುಸು ತಿಕ್ತ, ಎಲ್ಲಕ್ಕೂ ಮಿಗಿಲಾಗಿ ಕಷಾಯ. ಎಳೆಯ ನೆಲ್ಲಿಕಾಯಿ ಕಡಿದಂತೆ, ಹಸಿ ಅಡಿಕೆ ಅಗಿದಂತೆ ಬಾಯಿಯೆಲ್ಲ ಒಗರಾಯಿತು. ಪಾತ್ರೆಗೆ ಉಗುಳಿದೆನು. “ಇದು ಇನ್ನೂ ಹುಡುಗ್ರಿ ಸರ್, ಜಗಳಗಂಟ” ಎಂದಳು ತರುಣಿ.

ಎರಡನೆಯದು ೨೦೨೧ರದು. ೨೦೨೦ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಹರಿದ ದಿನಗಳನ್ನು ನಮ್ಮ ಸೀಮೆಯವರು ಮರೆಯುವಂತಿಲ್ಲ. ಸರಿಯಾಗಿ ಚಾಟಣಿಯ ಹೊತ್ತಿಗೆ ಎಡೆಬಿಡದ ಮಳೆ. ಎಳೆಚಿಗುರಿಗೆ ಬೂಜುರೋಗ, ಎಲೆಯ ತಳದಲ್ಲಿ ಬಿಳಿಯ ಬೂಜು ಕಟ್ಟಿ ಕಾಯಿಯೆಲ್ಲ ಉದುರಿತಂತೆ. ಉಳಿದ ಹಣ್ಣಿನ ರಸ ತೆಳ್ಳಗಿತ್ತು. ಬಟ್ಟಲಿನ ಆಚೆಗೆ ಇಟ್ಟ ಬೆರಳು ಕಾಣಿಸುವಷ್ಟು ತಿಳಿ. ವಾಸನೆಯಲ್ಲಿ ನೆನೆದ ಹುಲ್ಲಿನ ಛಾಯೆ. “ಇದನ್ನ ನಾವು ಮಾರಲಿಲ್ರಿ. ಒಂದಿಷ್ಟು ಸೀಸೆ ನೆನಪಿಗಂತ ಇಟ್ಕೊಂಡೀವಿ” ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು. ತಮ್ಮ ಸೋಲನ್ನು ಹೆಸರಿಟ್ಟು ಕಾಪಾಡುವ ಈ ಪದ್ಧತಿ ನನಗೆ ಬಹಳ ಹಿಡಿಸಿತು.

ಮೂರನೆಯದು ೨೦೨೦ರದು. ಆ ವರ್ಷದ ಸುಗ್ಗಿ ಮುಗಿಯುವ ಮೊದಲೇ, ಮಾರ್ಚ್ ೨೫ರಿಂದ, ಮಹಾಮಾರಿಯ ಕಾರಣದಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಕೊಯ್ಲಿನ ಆಳುಗಳು ಬರುವಂತಿಲ್ಲ. ಹಣ್ಣು ಬಳ್ಳಿಯ ಮೇಲೆಯೇ ಬಾಡತೊಡಗಿತು. ಊರಲ್ಲಿದ್ದ ಹೆಂಗಸರೇ ದೂರದೂರ ನಿಂತು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಉಳಿದುದನ್ನು ಕೊಯ್ದರಂತೆ. ಆ ರಸದಲ್ಲಿ ಮಣೂಕದ ವಾಸನೆಯಿತ್ತು, ಒಂದು ಬಗೆಯ ಉರಿಯಿತ್ತು. ಮಾಗಿದುದು ಹೆಚ್ಚಾಗಿ ಮದ್ಯಸಾರವೂ ಹೆಚ್ಚಿತ್ತು. ಬಲವುಂಟು, ಸಮತೆಯಿಲ್ಲ.

ಕೊನೆಯದು ೨೦೧೬ರದು. ೨೦೧೫ ಕೂಡ ನಮ್ಮ ಉತ್ತರ ಕರ್ನಾಟಕಕ್ಕೆ ಭೀಕರ ಬರದ ವರ್ಷ. ಆದುದರಿಂದ ಇದೂ ೨೦೨೪ರಂತೆಯೇ ಒಗರಿನ ಜಗಳಗಂಟನಾಗಿ ಹುಟ್ಟಿದುದೇ. ಈಗ ಅದರ ಅಂಚು ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮೂಸಿದರೆ ಒಣ ಅಂಜೂರ, ಹದವಾದ ತಂಬಾಕಿನ ಎಲೆ, ಮೊದಲ ಮಳೆಗೆ ನೆನೆದ ಮಣ್ಣು. ಒಗರು ಇತ್ತು, ಆದರೆ ಗದರಿಸುವುದನ್ನು ಬಿಟ್ಟಿತ್ತು. ಒಗರಿನ ಕಣಗಳು ವರ್ಷ ಕಳೆದಂತೆ ಒಂದರೊಡನೊಂದು ಕೂಡಿ ದೊಡ್ಡವಾಗಿ, ಗಷ್ಟಾಗಿ ತಳಕ್ಕೆ ಇಳಿಯುತ್ತವೆಯಂತೆ. ಮೇಲೆ ಉಳಿದುದು ಮೃದುವಾಗುವುದು. ಹಳೆಯ ಅಕ್ಕಿ, ಹಳೆಯ ಹುಣಿಸೆ, ವರ್ಷ ಕಂಡ ಉಪ್ಪಿನಕಾಯಿಗಳ ಬೆಲೆಯನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಈ ಒಂದು ಗುಟುಕನ್ನು ನಾನು ಉಗುಳಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

“ಹಾಗಾದರೆ ಎಲ್ಲವೂ ಇಟ್ಟಷ್ಟೂ ಉತ್ತಮವಾಗುವುದೇನಮ್ಮ?” ಎಂದು ಕೇಳಿದೆನು. ಆಕೆ ಉತ್ತರ ಕೊಡದೆ ಒಳಗಿನಿಂದ ಇನ್ನೊಂದು ಸೀಸೆ ತಂದಳು. ಅದೂ ೨೦೧೬ರದೇ, ಅದೇ ಪೀಪಾಯಿಯದು. ಆದರೆ ಯಾವುದೋ ಅಂಗಡಿಯ ಹಲಗೆಯ ಮೇಲೆ ಮೂರು ಬೇಸಿಗೆಗಳನ್ನು ನಿಂತೇ ಕಳೆದು ಮರಳಿ ಬಂದುದು. ಮೂಸಿದೊಡನೆ ಮುಖ ತಿರುಗಿಸಿದೆನು: ಸೀದ ಕಾಕಂಬಿ, ಹುಳಿತ ಕಾಡಿ. ಬೇಸಿಗೆಯಲ್ಲಿ ನಮ್ಮ ಕಡೆಯ ಸೆಕೆ ನಲವತ್ತೆರಡು ನಲವತ್ಮೂರಕ್ಕೆ ಏರುವುದು. ಇದಕ್ಕೆ ಬೇಕಾದುದು ಹನ್ನೆರಡರಿಂದ ಹದಿನೈದು. “ಬಹಳಷ್ಟು ರಸ ಎರಡು ಮೂರು ವರ್ಷದಾಗ ಕುಡಿಯಾಕ ಅಂತನೇ ಮಾಡಿದ್ದಿರ್ತೈತ್ರಿ. ಇಟ್ರ ಸುಧಾರಿಸೋದು ಕೆಲವೇ. ಅವನ್ನೂ ಕಾಯ್ಬೇಕು” ಎಂದಳು. ಒಂದೇ ಬಳ್ಳಿ, ಒಂದೇ ವರ್ಷ, ಒಂದೇ ಪೀಪಾಯಿ. ಒಂದು ತಂಪಿನಲ್ಲಿ ಮಲಗಿತ್ತು, ಒಂದು ಬಿಸಿಲಿನಲ್ಲಿ ನಿಂತಿತ್ತು. ಎರಡು ಬಟ್ಟಲುಗಳನ್ನು ಪಕ್ಕಪಕ್ಕದಲ್ಲಿ ನೋಡುತ್ತ ನನಗೆ ಒಂದೇ ತಟ್ಟೆಯಲ್ಲಿ ಉಂಡ ನಾವಿಬ್ಬರು ಅಣ್ಣತಮ್ಮಂದಿರು ನೆನಪಾದೆವು. ನನ್ನನ್ನು ಓದಲು ಕಳಿಸಿದರು. ಅವನನ್ನು ಹೊಲಕ್ಕೆ ಕಳಿಸಿದರು. ಅವನ ಸಂಜೆಗಳನ್ನು ಯಾರೂ ಕಾಯಲಿಲ್ಲ, ನಾನೂ ಕಾಯಲಿಲ್ಲ.

ಮರಳಿ ಬರುವ ದಾರಿಯಲ್ಲಿ ಹುಡುಗನನ್ನು ಎರಡು ಪ್ರಶ್ನೆ ಕೇಳಿದೆನು. ಮೊದಲನೆಯದು ದೇಹದ ವಿಷಯ. ದ್ರಾಕ್ಷಾರಸವು ಹೃದಯಕ್ಕೆ ಹಿತವೆಂಬ ಮಾತು ಬಹಳ ಕಾಲ ಪ್ರಚಾರದಲ್ಲಿತ್ತು. ಆದರೆ ಮದ್ಯಸಾರವು ಅರ್ಬುದರೋಗಕ್ಕೆ ಕಾರಣವಾಗುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿದುದೆಂದೂ, ಇಷ್ಟು ಕುಡಿದರೆ ನಿರಪಾಯವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂದೂ ಜಾಗತಿಕ ಆರೋಗ್ಯ ಸಂಸ್ಥೆಯವರು ೨೦೨೩ರ ಜನವರಿಯಲ್ಲಿ ಸ್ಪಷ್ಟವಾಗಿ ಸಾರಿದ್ದಾರೆ. ಸಾರಾಯಿಯಲ್ಲಿದ್ದುದೂ ಇದರಲ್ಲಿರುವುದೂ ಒಂದೇ ಮದ್ಯಸಾರ. ಪ್ರಮಾಣ ಬೇರೆ, ಬಟ್ಟಲು ಬೇರೆ. ಇದನ್ನು ಹುಡುಗನು ವಾದಿಸದೆ ಒಪ್ಪಿದನು.

ಎರಡನೆಯದು ಬದುಕಿನ ವಿಷಯ. “ಅವರು ಕೊಳ್ಳದಿದ್ದರೆ ಏನು ಮಾಡುತ್ತೀ?” ಈ ಪ್ರಶ್ನೆಗೆ ಕಾರಣವುಂಟು. ೨೦೦೮ರ ಜಾಗತಿಕ ಕುಸಿತದ ನಂತರ ಮಹಾರಾಷ್ಟ್ರದ ನಾಸಿಕದ ಕಡೆ ಅನೇಕ ರಸಶಾಲೆಗಳು ಹಣ್ಣು ಕೊಳ್ಳುವುದನ್ನು ನಿಲ್ಲಿಸಿದಾಗ ರೈತರು ತಾವೇ ಬೆಳೆಸಿದ ಬಳ್ಳಿಗಳನ್ನು ಕಿತ್ತುಹಾಕಬೇಕಾಯಿತು. ತಿನ್ನುವ ಹಣ್ಣನ್ನು ಸಂತೆಯಲ್ಲಿ ಮಾರಬಹ���ದು, ಮಾರದಿದ್ದರೆ ಒಣಗಿಸಬಹುದು. ಬೀಜ ತುಂಬಿದ ಈ ಒಗರು ಹಣ್ಣನ್ನು ಕೊಳ್ಳುವವನು ಒಬ್ಬನೇ. ಹುಡುಗನು ಬಹಳ ಹೊತ್ತು ಸುಮ್ಮನಿದ್ದು, “ಅದನ್ನ ನಾನೂ ಯೋಚನಿ ಮಾಡೀನ್ರಿ ಕಾಕಾ. ಉತ್ತರ ಸಿಕ್ಕಿಲ್ಲ” ಎಂದನು. ಸುಳ್ಳು ಧೈರ್ಯ ಹೇಳಲಿಲ್ಲವೆಂಬುದೇ ನನಗೆ ಧೈರ್ಯ ತಂದಿತು.

ಮನೆಗೆ ಬಂದ ರಾತ್ರಿ ವೈನಿಯ ಮುಂದೆ ನಡೆದುದೆಲ್ಲವನ್ನೂ ಹೇಳಿದೆನು. ಬಾಯಲ್ಲಿಟ್ಟುದನ್ನೂ, ಒಂದು ಗುಟುಕು ನುಂಗಿದುದನ್ನೂ ಬಿಡಲಿಲ್ಲ. ಆಕೆ ಸೆರಗನ್ನು ಹಣೆಯ ಮೇಲೆ ಸರಿಪಡಿಸಿಕೊಂಡು ಗೋಡೆಗೆ ಒರಗಿ ಕೇಳಿದಳು. ಕೊನೆಗೆ ಒಂದೇ ಮಾತು:

“ಮಾಸ್ತರ್ರ, ನಿಮ್ಮಣ್ಣಾರು ಕುಡದದ್ದು ಸಾರಾಯಿ ಅಲ್ರಿ. ನಾಕೆಕರೆ ಹೊಲ. ಈ ಬೆಳಿ ಹೊಲ ಉಳಸೂದಿದ್ರ ಹಚ್ಚಲಿ. ಹೊಲ ಕುಡಿಯೂದಿದ್ರ ಬ್ಯಾಡ.”

ಪುಸ್ತಕಗಳಲ್ಲಿಯೂ ನೆಲಮಾಳಿಗೆಯಲ್ಲಿಯೂ ನಾನು ಹುಡುಕಿದ ಅಳತೆಗೋಲು ಅಡಿಗೆಮನೆಯ ಹೊಸ್ತಿಲಲ್ಲಿ ಸಿಕ್ಕಿತು. ಮರುದಿನ ಕುಳಿತು ನಾವು ಮೂವರೂ ನಿಯಮಗಳನ್ನು ಬರೆದೆವು. ಎರಡು ಎಕರೆ ಮಸಾರಿಯಲ್ಲಿ ಒಂದು ಎಕರೆಗೆ ಮಾತ್ರ ಶಿರಾಜ್. ಇನ್ನೊಂದು ಎಕರೆಗೆ ಒಣಗಿಸಲು ಬರುವ ಬೀಜರಹಿತ ಜಾತಿ. ಎರೆಯ ಹೊಲ ತೊಗರಿಗೆ, ಜೋಳಕ್ಕೆ. ಅದನ್ನು ಮುಟ್ಟುವಂತಿಲ್ಲ, ಯಾವ ಸಾಲಕ್ಕೂ ಅಡವಿಡುವಂತಿಲ್ಲ. ಕರಾರಿನಲ್ಲಿ ಕೊಳ್ಳುವ ದರವೂ, ಕೊಳ್ಳದಿದ್ದರೆ ತೆರಬೇಕಾದ ಪರಿಹಾರವೂ ಬರಹದಲ್ಲಿರಬೇಕು. ಕೂಲಿಯನ್ನು ಹಣದಲ್ಲಿಯೇ ಕೊಡಬೇಕು. ಸುಗ್ಗಿಯ ಸಂತೋಷಕ್ಕೆಂದು ಆಳುಗಳಿಗೆ ಯಾವ ಸೀಸೆಯೂ ಬರಕೂಡದು. ಕೊನೆಯ ನಿಯಮ ವೈನಿಯದು. ರಸಶಾಲೆಯವರು ಪರಿಹಾರದ ಮಾತಿಗೆ ಮೊದಲು ಹಿಂದೆಗೆದರು, ಹುಡುಗನು ಬಿಡಲಿಲ್ಲ, ಕೊನೆಗೆ ಅರ್ಧಕ್ಕೆ ಒಪ್ಪಿದರು. ಆಮೇಲೆ ನಾನು ಸಹಿ ಹಾಕಿದೆನು. ನನ್ನ ಸಹಿಯ ಕೆಳಗೆ ವೈನಿ ಅಕ್ಷರ ಅಕ್ಷರ ಕೂಡಿಸಿ ತನ್ನ ಹೆಸರನ್ನು ಬರೆದಳು. ಹೆಬ್ಬೆಟ್ಟು ಒತ್ತುತ್ತಿದ್ದವಳಿಗೆ ಅಣ್ಣನು ಹೋದ ವರ್ಷ ನಾನೇ ಕಲಿಸಿದ್ದ ಅಕ್ಷರಗಳು ಅವು.

ಈಗ ಶ್ರಾವಣ. ಮಸಾರಿ ಹೊಲದಲ್ಲಿ ಬೇರಿನ ಸಸಿಗಳು ಮೊಣಕಾಲೆತ್ತರ ಬೆಳೆದಿವೆ. ಮಳೆ ಹಿಂದೆ ಸರಿದ ಮೇಲೆ ಕಸಿ ಕಟ್ಟಬೇಕು; ಮೊದಲ ಹಣ್ಣಿಗೆ ಇನ್ನೂ ಎರಡು ವರ್ಷವಾದರೂ ಬೇಕು. ಆ ಹಣ್ಣಿನ ರಸದ ಮೇಲೆ ಯಾವ ವರ್ಷ ಬರೆಯುವರೋ, ಆ ವರ್ಷ ಮಳೆಯೋ ಬರವೋ, ನಾವಾರೂ ಅರಿಯೆವು. ಅದನ್ನು ಕುಡಿಯುವವರು ಯಾರೆಂಬುದೂ ನಮಗೆ ತಿಳಿಯದು. ಅವರ ಮನೆಯಲ್ಲಿಯೂ ಒಬ್ಬ ವೈನಿಯಿದ್ದು, ಅವರ ಸಂಜೆಗಳನ್ನು ಕಾಯುವವರು ಯಾರಾದರೂ ಇರಲೆಂದು ಹಾರೈಸುತ್ತೇನೆ. ನಮ್ಮ ಮನೆಯಲ್ಲಿ ಆ ಸೀಸೆ ಬರುವುದಿಲ್ಲ. ನಿತ್ಯವೂ ಸಂಜೆ ಹುಡುಗನು ಹೊಲದಿಂದ ಬರುವ ಹೊತ್ತಿಗೆ ನಾನು ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಅವನು ಬಂದು ಕಾಲು ತೊಳೆದುಕೊಂಡ ಮೇಲೆ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಮೊದಲಾಗುವುದು.